ಹೆದರಿಕೆಗೆ ಬಣ್ಣ ಕಲಸುವುದು

ನನ್ನ ಬಣ್ಣದ ತಟ್ಟೆಯಲ್ಲಿ ಕಪ್ಪಿನ ಟ್ಯೂಬಿಗೆ ಜಾಗವಿಲ್ಲ. ಭಯದ ಚಿತ್ರಗಳನ್ನೇ ಹೆಚ್ಚಾಗಿ ಬರೆಯುವ ನನ್ನ ಕೋಣೆಗೆ ಬಂದವರು ಮೊದಲು ಹುಡುಕುವುದು ಅದನ್ನೇ. ಕಪ್ಪು ಬೇಕಾದಾಗ ಬರ್ನ್ಟ್ ಅಂಬರ್ ಎಂಬ ಸುಟ್ಟ ಮಣ್ಣಿನ ಕಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಕಲಸುತ್ತೇನೆ. ನೀಲಿ ತುಸು ಮುಂದಾದರೆ ಅಮಾವಾಸ್ಯೆಯ ಬಯಲಿನ ಕತ್ತಲು ಬರುತ್ತದೆ. ಕಂದು ಮುಂದಾದರೆ ಬಹಳ ಕಾಲ ಬಾಗಿಲು ತೆರೆಯದ ಕೋಣೆಯ ಕತ್ತಲು. ಟ್ಯೂಬಿನ ಕಪ್ಪನ್ನು ಹಾಗೇ ಬಳಿದರೆ ಇವೆರಡೂ ಸಿಗುವುದಿಲ್ಲ. ನೋಡುವವರ ಕಣ್ಣು ಅದಕ್ಕೆ ಬಡಿದು ಅಲ್ಲೇ ನಿಂತುಬಿಡುತ್ತದೆ. ಹೆದರಿಸುವ ಕತ್ತಲೊಳಗೆ ಕಣ್ಣು ಹೋಗಬೇಕು. ಹೋಗಿ, ಅಲ್ಲೇನೋ ಇದೆ ಎಂದು ಅನುಮಾನ ಪಡಬೇಕು.

ವಾರದ ಕೊನೆಯಲ್ಲಿ ನನ್ನ ಬಳಿ ಚಿತ್ರ ಕಲಿಯಲು ಬರುವ ಹುಡುಗನೊಬ್ಬ ತಾನು ಬರೆದ ಭಯದ ಚಿತ್ರವನ್ನು ತಂದು ತೋರಿಸಿದ. ಕಾಲೇಜಿಗೆ ಹೋಗುವ ಹುಡುಗ, ಕೈ ಚೆನ್ನಾಗಿದೆ. ಒಂದು ತಲೆಬುರುಡೆ, ಅದರ ಕಣ್ಣಿನ ಗೂಡಿನಿಂದ ಹೊರಬರುವ ಹುಳ, ಹಿಂದೆ ಗೋರಿ, ಗೋರಿಯ ಮೇಲೆ ಗೂಬೆ, ಎಲ್ಲದರ ಮೇಲೂ ರಕ್ತ.

“ಮೇಡಂ, ಯಾಕೋ ಹೆದರಿಕೆ ಬರ್ತಾ ಇಲ್ಲ. ರಕ್ತ ಕಡಿಮೆ ಆಯ್ತಾ?”

“ರಕ್ತ ಒರೆಸು. ಗೂಬೆ ತೆಗಿ, ಹುಳ ತೆಗಿ. ಬುರುಡೆಯನ್ನೂ ತೆಗೆದು, ಗೋರಿ ಪಕ್ಕದಲ್ಲಿ ಒಂದು ಜೊತೆ ಮಕ್ಕಳ ಚಪ್ಪಲಿ ಇಡು ನೋಡೋಣ” ಎಂದೆ.

ಇಷ್ಟೆಲ್ಲ ಬರೆದದ್ದು ದಂಡವಾಯಿತಲ್ಲ ಎಂಬ ಬೇಸರದಲ್ಲೇ ಮಾಡಿದ. ಚಪ್ಪಲಿಗಳನ್ನು ಜೋಡಿಸಿ, ಮುಖ ಗೋರಿಯ ಕಡೆಗೆ ಇರುವಂತೆ ಬಿಟ್ಟಿದ್ದ. ಆ ಬುದ್ಧಿ ಅವನದೇ. ಚಿತ್ರ ಒಣಗಲೆಂದು ಗೋಡೆಗೆ ಒರಗಿಸಿ ಇಟ್ಟಿದ್ದೆವು. ಕಸ ಗುಡಿಸಲು ಬಂದ ಅಕ್ಕ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. “ಯಾರದಮ್ಮ ಈ ಚಪ್ಪಲಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟು ಹೋದರು.

ಹುಡುಗನ ಮೊದಲ ಚಿತ್ರದಲ್ಲಿ ಇದ್ದದ್ದು ಅಸಹ್ಯ. ಎರಡನೆಯದರಲ್ಲಿ ಭಯ ಬಂದಿತ್ತು. ಇವೆರಡನ್ನೂ ಬೇರೆ ಬೇರೆ ಇಡಬೇಕೆಂಬುದು ನಮ್ಮ ಹಿರಿಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದೊಂದು ರಸಕ್ಕೂ ಒಂದೊಂದು ಬಣ್ಣ, ಒಬ್ಬೊಬ್ಬ ಅಧಿದೇವತೆ ಇದ್ದಾರೆ. ಭಯಾನಕಕ್ಕೆ ಕಪ್ಪು, ಅದರ ದೇವತೆ ಕಾಲ. ಬೀಭತ್ಸಕ್ಕೆ ನೀಲಿ, ಅದರ ದೇವತೆ ಮಹಾಕಾಲ. ಭಯಾನಕ ಬೆಳೆಯುವುದು ಭಯದಿಂದ, ಬೀಭತ್ಸ ಬೆಳೆಯುವುದು ಜುಗುಪ್ಸೆಯಿಂದ. ರಕ್ತ, ಹುಳ, ಕೊಳೆತ ಮಾಂಸ ಕಂಡರೆ ನಾವು ಮುಖ ತಿರುಗಿಸುತ್ತೇವೆ, ಅಲ್ಲಿಗೆ ಮುಗಿಯಿತು. ಭಯ ಹಾಗಲ್ಲ, ಅದು ಮತ್ತೊಮ್ಮೆ ನೋಡಿಸುತ್ತದೆ. ಇಂದು ಹಾರರ್ ಎಂಬ ಹೆಸರಿನಲ್ಲಿ ಬರುವ ಎಷ್ಟೋ ಚಿತ್ರಗಳು ಬೀಭತ್ಸದಲ್ಲೇ ನಿಂತು, ಭಯಾನಕಕ್ಕೆ ತಲುಪಿದೆವು ಎಂದುಕೊಂಡಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಯಾನಕ ರಸ ಎಂದರೇನು ಎಂದು ವಿವರಿಸುವಾಗ ಸಾವಿರ ವರ್ಷದ ಹಿಂದಿನ ಕಾಶ್ಮೀರದ ಅಭಿನವಗುಪ್ತ ರಾಕ್ಷಸನನ್ನೋ ಸ್ಮಶಾನವನ್ನೋ ಉದಾಹರಣೆಗೆ ತೆಗೆದುಕೊಳ್ಳಲಿಲ್ಲ. ಒಂದು ಜಿಂಕೆಯನ್ನು ತೆಗೆದುಕೊಂಡ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ, ಕತ್ತು ಹೊರಳಿಸಿ ಹಿಂದೆ ನೋಡುವ, ಅರ್ಧ ಅಗಿದ ಹುಲ್ಲು ಬಾಯಿಂದ ಉದುರುತ್ತಿರುವ ಜಿಂಕೆ. ಅದನ್ನು ಓದುವಾಗ ಹುಟ್ಟುವ ಭಯ ನನ್ನದಲ್ಲ, ಆ ಒಂದು ಜಿಂಕೆಯದು ಮಾತ್ರವೂ ಅಲ್ಲ. ಇಂಥವರದು ಎಂಬ ಹಂಗು ಕಳೆದು ಬರೀ ಭಯವಾಗಿ ಉಳಿಯುತ್ತದೆ, ಆದ್ದರಿಂದಲೇ ಅದು ರಸವಾಗುತ್ತದೆ ಎಂಬುದು ಅವನ ವಾದ. ನನ್ನ ಕೆಲಸದ ಬಗ್ಗೆ ಇದಕ್ಕಿಂತ ಉಪಯೋಗದ ಮಾತನ್ನು ನಾನು ಬೇರೆಲ್ಲೂ ಓದಿಲ್ಲ. ಭೂತವನ್ನು ಎಷ್ಟು ಚೆನ್ನಾಗಿ ಬರೆದೆ ಎಂಬುದು ಇಲ್ಲಿ ಮುಖ್ಯವಲ್ಲ. ಹೆದರಿದ ಜೀವವನ್ನು ಬರೆಯಬಲ್ಲೆನೇ ಎಂಬುದೇ ಪ್ರಶ್ನೆ.

ಮಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ನಿಂತಾಗ ನನಗೆ ಆ ಜಿಂಕೆ ನೆನಪಾಯಿತು. ಎದುರಿಗಿದ್ದದ್ದು ಫ್ರಾನ್ಸಿಸ್ಕೊ ಗೋಯಾ ಬರೆದ ನಾಯಿ. ಸುಮಾರು 131 ಸೆಂಟಿಮೀಟರ್ ಎತ್ತರ, 79 ಸೆಂಟಿಮೀಟರ್ ಅಗಲದ ಚಿತ್ರ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮಂಕು ಹಳದಿಯ ಬಯಲು. ಕೆಳಗೆ ಒಂದು ಕಂದು ಇಳಿಜಾರು. ಆ ಇಳಿಜಾರಿನ ಅಂಚಿನಿಂದ ಒಂದು ನಾಯಿಯ ತಲೆ ಮಾತ್ರ ಮೇಲೆ ಕಾಣುತ್ತದೆ. ಮೈ ಮಣ್ಣಿನೊಳಗೆ ಹೂತಿದೆಯೋ, ದಿಬ್ಬದ ಹಿಂದೆ ಇದೆಯೋ ತಿಳಿಯದು. ಅದು ಮೇಲೆ ನೋಡುತ್ತಿದೆ. ಏನನ್ನು ನೋಡುತ್ತಿದೆ ಎಂದು ನಾವೂ ಮೇಲೆ ನೋಡುತ್ತೇವೆ. ಅಲ್ಲಿ ಏನೂ ಇಲ್ಲ. ಹಲ್ಲಿಲ್ಲ, ಉಗುರಿಲ್ಲ, ರಕ್ತದ ಒಂದು ಹನಿಯಿಲ್ಲ. ಅದಕ್ಕಿಂತ ಹೆಚ್ಚು ನನ್ನನ್ನು ಕಂಗೆಡಿಸಿದ ಚಿತ್ರವನ್ನು ನಾನು ಈವರೆಗೆ ನೋಡಿಲ್ಲ.

ಗೋಯಾನ ಕಪ್ಪು ಚಿತ್ರಗಳು ಎಂದು ಜಗತ್ತು ಕರೆಯುವ 14 ಚಿತ್ರಗಳಲ್ಲಿ ಇದೂ ಒಂದು. ಅವುಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗೋಯಾ ಸ್ಪೇನಿನ ಅರಮನೆಯ ಚಿತ್ರಕಾರ. 1746ರಲ್ಲಿ ಹುಟ್ಟಿದವನು. ರಾಜರಾಣಿಯರ ಭಾವಚಿತ್ರ ಬರೆದು, ಹೆಸರು ದುಡ್ಡು ಎರಡನ್ನೂ ಕಂಡವನು. 1792-93ರಲ್ಲಿ ಬಂದ ಒಂದು ದೊಡ್ಡ ಕಾಯಿಲೆ ಅವನ ಕಿವಿಯನ್ನು ಶಾಶ್ವತವಾಗಿ ಕಿತ್ತುಕೊಂಡಿತು. ಆಮೇಲೆ ನೆಪೋಲಿಯನ್‌ನ ಸೈನ್ಯ ಸ್ಪೇನಿಗೆ ನುಗ್ಗಿತು. ಯುದ್ಧ, ಹಸಿವು, ಕೊಲೆಗಳನ್ನು ಅವನು ಕಣ್ಣಾರೆ ಕಂಡು ತಾಮ್ರದ ಹಾಳೆಗಳ ಮೇಲೆ ಕೊರೆದಿಟ್ಟ. ಆ ಮುದ್ರಣಗಳು ಪ್ರಕಟವಾದದ್ದು ಅವನು ಸತ್ತು ಎಷ್ಟೋ ಕಾಲದ ಮೇಲೆ, 1863ರಲ್ಲಿ.

1819ರಲ್ಲಿ, 72ರ ವಯಸ್ಸಿನಲ್ಲಿ, ಮಾಡ್ರಿಡ್‌ನ ಹೊರಗೆ ಮಾನ್ಸನಾರೆಸ್ ನದಿಯ ಆಚೆ ಅವನು ಒಂದು ತೋಟದ ಮನೆ ಕೊಂಡ. ಅದಕ್ಕೆ ಕಿವುಡನ ಮನೆ ಎಂದು ಹೆಸರು. ಆ ಹೆಸರು ಗೋಯಾನಿಂದ ಬಂದದ್ದಲ್ಲ, ಹಿಂದೆ ಅಲ್ಲಿದ್ದ ಇನ್ನೊಬ್ಬ ಕಿವುಡನಿಂದ ಬಂದದ್ದು. ಆ ವರ್ಷವೇ ಅವನು ಮತ್ತೆ ಸಾವಿನ ಬಾಗಿಲಿಗೆ ಹೋಗಿ ಬಂದ. ಬದುಕಿಸಿದ ವೈದ್ಯ ಅರ್ರಿಯೆತಾ ತನ್ನನ್ನು ಹಿಂದಿನಿಂದ ಆತುಕೊಂಡು ಔಷಧ ಕುಡಿಸುತ್ತಿರುವ ಚಿತ್ರವನ್ನು ಗೋಯಾ ಅವನಿಗೆ ಬರೆದುಕೊಟ್ಟ. ಆ ಚಿತ್ರದಲ್ಲೂ ಅವರಿಬ್ಬರ ಹಿಂದಿನ ಕತ್ತಲಲ್ಲಿ ಕೆಲವು ಮುಖಗಳಿವೆ. ಅದಾದ ಮೇಲೆ, ಸುಮಾರು 1820ರಿಂದ 1823ರೊಳಗೆ, ಆ ಮನೆಯ ಕೆಳಗಿನ ಮತ್ತು ಮೇಲಿನ ಎರಡು ದೊಡ್ಡ ಕೋಣೆಗಳ ಗಾರೆ ಗೋಡೆಗಳ ಮೇಲೆ ಎಣ್ಣೆಬಣ್ಣದಲ್ಲಿ ಈ ಚಿತ್ರಗಳನ್ನು ಬರೆದ. ಯಾರೂ ಬರೆಯಲು ಹೇಳಿರಲಿಲ್ಲ, ಯಾರಿಗೂ ಮಾರುವಂತಿರಲಿಲ್ಲ. ಹೆಸರನ್ನೂ ಇಡಲಿಲ್ಲ. ಈಗ ನಾವು ಹೇಳುವ ಹೆಸರುಗಳೆಲ್ಲ ಬೇರೆಯವರು ಇಟ್ಟವು. ಚಿತ್ರಗಳನ್ನು ಎಕ್ಸ್‌ರೇ ಮಾಡಿ ನೋಡಿದಾಗ ಎಷ್ಟೋ ಕಡೆ ಅಡಿಯಲ್ಲಿ ಬೇರೆ ಚಿತ್ರಗಳು, ಬಯಲು ಬೆಟ್ಟದ ದೃಶ್ಯಗಳು ಕಂಡುಬಂದಿವೆ. ಮನೆಯ ಗೋಡೆಯ ಮೇಲಿದ್ದ ಹಿತವಾದ ನೋಟವನ್ನು ಮುಚ್ಚಿ ಅವನು ಕತ್ತಲನ್ನು ತಂದುಕೊಂಡ.

ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಸ್ಯಾಟರ್ನ್, ತನ್ನ ಮಗುವನ್ನು ತಾನೇ ತಿನ್ನುವ ದೇವತೆ. ತನ್ನ ಮಕ್ಕಳಲ್ಲೊಬ್ಬ ತನ್ನನ್ನು ಪದಚ್ಯುತಗೊಳಿಸುತ್ತಾನೆ ಎಂಬ ಭವಿಷ್ಯಕ್ಕೆ ಅಂಜಿ ಹುಟ್ಟಿದ ಮಕ್ಕಳನ್ನೆಲ್ಲ ನುಂಗುವವನ ಕಥೆ. ಕಂಸನ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದೇ ಕಥೆಯನ್ನು ಗೋಯಾನಿಗಿಂತ ಸುಮಾರು ಇನ್ನೂರು ವರ್ಷ ಮೊದಲು ರೂಬೆನ್ಸ್ ಎಂಬ ಚಿತ್ರಕಾರ ಬರೆದಿದ್ದ. ಅದೂ ಪ್ರಾಡೊದಲ್ಲೇ ಇದೆ. ರೂಬೆನ್ಸ್‌ನ ಚಿತ್ರದಲ್ಲಿ ಸ್ಯಾಟರ್ನ್ ಕೈಯಲ್ಲಿ ದಂಡವಿದೆ, ಆಕಾಶದಲ್ಲಿ ನಕ್ಷತ್ರಗಳಿವೆ, ಮಗು ಮಗುವಿನಂತೆಯೇ ಇದೆ, ಕಿರುಚುತ್ತಿದೆ. ನೋಡಿದರೆ ಕರುಳು ಕಿವುಚುತ್ತದೆ. ಆದರೆ ಅದು ಪುರಾಣದ ದೃಶ್ಯ ಎಂಬ ಧೈರ್ಯ ಉಳಿದಿರುತ್ತದೆ. ಗೋಯಾ ಆ ಧೈರ್ಯವನ್ನು ತೆಗೆದುಬಿಟ್ಟ. ದಂಡವಿಲ್ಲ, ಆಕಾಶವಿಲ್ಲ, ಹಿಂದೆ ಬರೀ ಕತ್ತಲು. ಕೈಯಲ್ಲಿರುವುದು ಮಗುವೂ ಅಲ್ಲ, ಬೆಳೆದ ಮನುಷ್ಯನ ಮೈ. ಅದರ ತಲೆ ಆಗಲೇ ಇಲ್ಲ. ಆದರೆ ನನ್ನ ಕಣ್ಣು ಪ್ರತಿ ಸಲವೂ ಹೋಗಿ ನಿಲ್ಲುವುದು ತಿನ್ನುವವನ ಕಣ್ಣುಗಳ ಮೇಲೆ. ಬಿಳಿಗುಡ್ಡೆ ಪೂರಾ ಕಾಣುವಂತೆ ತೆರೆದ ಕಣ್ಣು. ಅದರಲ್ಲಿ ಸಿಟ್ಟಿಲ್ಲ, ಹಸಿವೂ ಇಲ್ಲ. ಅವನೇ ಹೆದರಿದ್ದಾನೆ. ತಾನು ಮಾಡುತ್ತಿರುವುದನ್ನು ನಿಲ್ಲಿಸಲಾಗದೆ, ಯಾರೋ ಬಾಗಿಲು ತೆರೆದು ನೋಡಿಬಿಟ್ಟರು ಎಂಬಂತೆ ನಮ್ಮ ಕಡೆ ನೋಡುತ್ತಾನೆ.

ಮನುಷ್ಯನ ಕಣ್ಣಿನ ಬಿಳಿ ಹೊರಗೆ ಚೆನ್ನಾಗಿ ಕಾಣುವುದರಿಂದ ಯಾರು ಎತ್ತ ನೋಡುತ್ತಿದ್ದಾರೆ ಎಂಬುದನ್ನು ನಾವು ದೂರದಿಂದಲೇ ಹಿಡಿಯುತ್ತೇವೆ. ಭಯವಾದಾಗ ರೆಪ್ಪೆ ಮೇಲೆ ಸರಿದು ಆ ಬಿಳಿ ಇನ್ನಷ್ಟು ಕಾಣುತ್ತದೆ. ಎರಡು ಸಣ್ಣ ಬಿಳಿ ಚುಕ್ಕೆಗಳನ್ನು ಕತ್ತಲಲ್ಲಿ ಸರಿಯಾದ ಅಂತರದಲ್ಲಿ ಇಟ್ಟರೆ ಸಾಕು, ಉಳಿದ ಮುಖವನ್ನು ನೋಡುವವರೇ ಬರೆದುಕೊಳ್ಳುತ್ತಾರೆ. ಇದನ್ನು ನಾನು ಕಲಿತದ್ದು ಸ್ಯಾಟರ್ನ್‌ನಿಂದ.

ಗೋಯಾ 1824ರಲ್ಲಿ ಫ್ರಾನ್ಸಿಗೆ ಹೋದ, 1828ರಲ್ಲಿ ಬೋರ್ಡೊದಲ್ಲಿ ತೀರಿಕೊಂಡ. ಚಿತ್ರಗಳು ಗೋಡೆಯ ಮೇಲೇ ಉಳಿದವು. 1873ರಲ್ಲಿ ಬ್ಯಾರನ್ ಎಮಿಲ್ ಡಿ ಎರ್ಲಾಂಗರ್ ಎಂಬ ಬ್ಯಾಂಕಿನ ಒಡೆಯ ಆ ಮನೆ ಕೊಂಡು, ಪ್ರಾಡೊದ ಮಾರ್ಟಿನೆಸ್ ಕುಬೆಲ್ಸ್ ಎಂಬ ಕಲಾವಿದನಿಂದ ಚಿತ್ರಗಳನ್ನು ಗಾರೆಯಿಂದ ಬಿಡಿಸಿ ಕ್ಯಾನ್ವಾಸಿಗೆ ವರ್ಗಾಯಿಸಿದ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟ, ಕೊನೆಗೆ 1881ರಲ್ಲಿ ಸ್ಪೇನ್ ಸರ್ಕಾರಕ್ಕೆ ಕೊಟ್ಟುಬಿಟ್ಟ. ಗೋಡೆಯಿಂದ ಬಿಡಿಸುವಾಗ ಎಷ್ಟೋ ಬಣ್ಣ ಉದುರಿತು, ಉದುರಿದ ಕಡೆ ಕುಬೆಲ್ಸ್ ತನ್ನ ಕೈಯಿಂದ ತುಂಬಿದ. ಬಿಡಿಸುವ ಕಾಲಕ್ಕೆ ತೆಗೆದ ಫೋಟೋಗಳು ಉಳಿದಿರುವುದರಿಂದ ಏನೇನು ಬದಲಾಯಿತು ಎಂದು ವಿದ್ವಾಂಸರು ಇಂದಿಗೂ ಹೋಲಿಸಿ ನೋಡುತ್ತಿದ್ದಾರೆ.

ತೋರಿಸದೆ ಹೆದರಿಸುವ ಪಾಠ ನನಗೆ ಮೊದಲು ಸಿಕ್ಕಿದ್ದು ಮಾತ್ರ ಗೋಯಾನಿಂದಲ್ಲ. ನಾನು ಪುತ್ತೂರು ಕಡೆಯವಳು. ಬೇಸಗೆ ಬಂದರೆ ಗದ್ದೆಯಲ್ಲಿ ಇಡೀ ರಾತ್ರಿ ತೆಂಕುತಿಟ್ಟಿನ ಯಕ್ಷಗಾನದ ಆಟ. ನಡುರಾತ್ರಿ ಕಳೆದ ಮೇಲೆ, ಮಕ್ಕಳೆಲ್ಲ ಚಾಪೆಯ ಮೇಲೆ ಮಗುಚಿಕೊಂಡಿರುವ ಹೊತ್ತಿಗೆ, ಬಣ್ಣದ ವೇಷ ಬರುತ್ತಿತ್ತು. ರಾವಣನೋ, ಮಹಿಷಾಸುರನೋ, ಶೂರ್ಪನಖಿಯೋ. ಮೊದಲು ಚೆಂಡೆ ಏರುತ್ತದೆ. ಆಮೇಲೆ ಒಳಗಿನಿಂದ ಅಬ್ಬರ. ರಂಗಕ್ಕೆ ಬಂದರೂ ಮುಖ ಕಾಣಿಸುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆಯೇ ಕುಣಿತ. ತೆರೆಯ ಮೇಲಂಚಿನಲ್ಲಿ ಕಿರೀಟ ಕಾಣುತ್ತದೆ, ಅಂಚು ಹಿಡಿದ ಬೆರಳು ಕಾಣುತ್ತದೆ. ದೀವಟಿಗೆಗೆ ರಾಳ ಎರಚಿದಾಗ ಬೆಂಕಿ ಭುಗ್ಗೆಂದು ಎದ್ದು ಒಂದು ಕ್ಷಣ ಏನೋ ಕಂಡು ಮರೆಯಾಗುತ್ತದೆ. ತೆರೆ ಇಳಿಯುವ ಹೊತ್ತಿಗೆ ನಾನು ಅಜ್ಜಿಯ ಸೆರಗಿನೊಳಗೆ ಇರುತ್ತಿದ್ದೆ. “ನೋಡು ಮಗಾ, ಅದು ನಮ್ಮ ಹಾಗೇ ಮನುಷ್ಯ, ಬಣ್ಣ ಹಾಕಿದ್ದು ಅಷ್ಟೇ” ಎಂದು ಅಜ್ಜಿ ಹೇಳಿದ್ದರಿಂದಲೇ ಆ ಬಣ್ಣದ ಬಗ್ಗೆ ನನಗೆ ಆಸೆ ಹುಟ್ಟಿತು.

ದೊಡ್ಡವಳಾದ ಮೇಲೆ, ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೋಗಿ ನೋಡಿದೆ. ಅಕ್ಕಿಹಿಟ್ಟು ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯಿಂದ ತೆಗೆದು, ಮುಖದ ಮೇಲೆ ಮುಳ್ಳು ಮುಳ್ಳಾಗಿ ಎಬ್ಬಿಸುತ್ತಾರೆ. ಅದಕ್ಕೆ ಚಿಟ್ಟಿ ಎನ್ನುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ, ಕನ್ನಡಿ ಹಿಡಿದು ಕಲಾವಿದರೇ ಮಾಡಿಕೊಳ್ಳುತ್ತಾರೆ. ಕಪ್ಪು ಕೆಂಪಿನ ನೆಲದ ಮೇಲೆ ಬಿಳಿಯ ಸಾಲು ಎದ್ದು ಬಂದಂತೆ ಕೆನ್ನೆ, ಹುಬ್ಬು, ಗಲ್ಲ ಎಲ್ಲಿ ಮುಗಿಯುತ್ತವೆ ಎಂಬುದೇ ತಿಳಿಯದಾಗುತ್ತದೆ. ಮುಖ ಹಿಗ್ಗಿ ಮುಖವಲ್ಲದ್ದಾಗುತ್ತದೆ. ಬಣ್ಣದ ಮಾಲಿಂಗನವರ ಹೆಸರು ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇಂದಿಗೂ ಇರುವುದು ಈ ವೇಷಗಳಿಂದಲೇ. ನಮ್ಮ ಚಿತ್ರಕಲೆಯ ಚರಿತ್ರೆ ಬರೆಯುವವರು ಈ ಮುಖವರ್ಣಿಕೆಯನ್ನು ನಾಟಕದ ಅಧ್ಯಾಯಕ್ಕೆ ತಳ್ಳಿಬಿಡುವುದು ನನಗೆ ನೋವಿನ ವಿಷಯ. ಭಯವನ್ನು ಬಣ್ಣದಲ್ಲಿ ಕಟ್ಟುವ ಇಷ್ಟು ಪಳಗಿದ ಕೈ ಬೇರೆಲ್ಲಿದೆ?

ಹಾಗೆ ನೋಡಿದರೆ ಭಯದ ಚಿತ್ರ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಚಾಣಕ್ಯನ ಗೂಢಚಾರ ಮನೆ ಮನೆಗೆ ನುಗ್ಗಲು ಹಿಡಿದುಕೊಂಡು ಹೋಗುವುದು ಯಮಪಟ, ಅಂದರೆ ಯಮಲೋಕದ ಶಿಕ್ಷೆಗಳ ಚಿತ್ರವಿರುವ ಬಟ್ಟೆ. ಅಂಥ ಪಟ ತೋರಿಸಿ ಹಾಡಿ ಹೊಟ್ಟೆ ಹೊರೆಯುವವರು ಅಂದು ಬೀದಿಯಲ್ಲಿ ಸಾಮಾನ್ಯವಾಗಿದ್ದುದರಿಂದಲೇ ಆ ವೇಷ ಅವನಿಗೆ ಅನುಕೂಲವಾಯಿತು. ಹೊಯ್ಸಳ ಶಿಲ್ಪಿಗಳು ಭೈರವನ ಕಾಲ ಬಳಿ ಪಕ್ಕೆಲುಬು ಎಣಿಸುವಂಥ ಬೇತಾಳಗಳನ್ನು ಕಡೆದರು, ಅದೂ ಮದನಿಕೆಯನ್ನು ಕಡೆದಷ್ಟೇ ಪ್ರೀತಿಯಿಂದ.

ಇನ್ನು ಕೆಲಸದ ಮಾತು. ನಾನು ಬಿಳಿ ಕ್ಯಾನ್ವಾಸಿನ ಮೇಲೆ ಭಯದ ಚಿತ್ರ ಶುರು ಮಾಡುವುದಿಲ್ಲ. ಅಂಬರ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳುವಾಗಿ ಕದಡಿ ಇಡೀ ಕ್ಯಾನ್ವಾಸಿಗೆ ಬಳಿಯುತ್ತೇನೆ. ಅದು ಒದ್ದೆ ಇರುವಾಗಲೇ ಹಳೆಯ ಪಂಚೆಯ ತುಂಡಿನಿಂದ ಬೆಳಕು ಬೇಕಾದ ಕಡೆ ಒರೆಸುತ್ತೇನೆ. ಹೀಗೆ ಮಾಡಿದಾಗ ಆಕಾರವನ್ನು ನಾವು ಬರೆದಂತೆ ಆಗುವುದಿಲ್ಲ, ಕತ್ತಲೊಳಗೆ ಮೊದಲೇ ಇದ್ದದ್ದು ಹೊರಗೆ ಬಂದಂತಾಗುತ್ತದೆ. ಎಷ್ಟೋ ಸಲ ಬಟ್ಟೆಯ ಒಂದು ಒರೆತದಲ್ಲಿ ನಾನು ಯೋಚಿಸದೇ ಇದ್ದ ಭುಜವೋ ಬಾಗಿಲೋ ಕಾಣುತ್ತದೆ. ಅಂಬರ್ ಮಣ್ಣಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಅಡಿಪದರಕ್ಕೆ ಹೇಳಿಮಾಡಿಸಿದ ಬಣ್ಣ. ಎಲುಬು ಸುಟ್ಟು ಮಾಡುವ ಐವರಿ ಬ್ಲ್ಯಾಕ್ ನಿಧಾನವಾಗಿ ಒಣಗುತ್ತದೆ. ಅದನ್ನು ಅಡಿಗೆ ದಪ್ಪವಾಗಿ ಹಾಕಿ ಮೇಲೆ ಬೇಗ ಒಣಗುವ ಬಣ್ಣ ಹಚ್ಚಿದರೆ ಮುಂದೆ ಚಿತ್ರ ಬಿರಿಯುತ್ತದೆ. ಅಡಿಯಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಎಣ್ಣೆ ಹೆಚ್ಚು ಎಂಬುದು ಎಣ್ಣೆಬಣ್ಣದವರ ಹಳೆಯ ನಿಯಮ.

ಕಪ್ಪಿನ ಆಸೆಗೆ ಬಿದ್ದು ಚಿತ್ರವನ್ನೇ ಕಳೆದುಕೊಳ್ಳುವುದಕ್ಕೆ ದೊಡ್ಡ ಉದಾಹರಣೆ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಹಡಗು ಒಡೆದು ತೆಪ್ಪದ ಮೇಲೆ ಸಾಯುತ್ತಿದ್ದ ಜನರನ್ನು ಜೆರಿಕೊ ಎಂಬ ಚಿತ್ರಕಾರ 1818-19ರಲ್ಲಿ ಬರೆದ. ಸಾವಿನ ಮೈಬಣ್ಣ ತಿಳಿಯಲು ಆಸ್ಪತ್ರೆಯಿಂದ ಕತ್ತರಿಸಿದ ಕೈಕಾಲುಗಳನ್ನು ತಂದು ಅಭ್ಯಾಸ ಮಾಡಿದವನು ಅವನು. ನೆರಳಿಗೆಂದು ಬಿಟುಮೆನ್, ಅಂದರೆ ಡಾಂಬರಿನ ಜಾತಿಯ ಬಣ್ಣ ಹಾಕಿದ. ಹಚ್ಚಿದಾಗ ಅದರ ಕಂದು ತುಂಬ ಆಳವಾಗಿ, ಬೆಚ್ಚಗೆ ಕಾಣುತ್ತದೆ. ಆದರೆ ಅದು ಎಂದೂ ಪೂರ್ತಿ ಒಣಗುವುದಿಲ್ಲ. ವರ್ಷ ಕಳೆದಂತೆ ಕಪ್ಪಾಗಿ, ಸುಕ್ಕುಗಟ್ಟಿ, ಆ ಮಹಾಚಿತ್ರದ ಎಷ್ಟೋ ವಿವರಗಳನ್ನು ನುಂಗಿದೆ, ಇನ್ನೂ ನುಂಗುತ್ತಿದೆ.

ಹೆಣದ ಬಣ್ಣಕ್ಕೆ ನಾನು ಹಸಿರು ಮಣ್ಣಿನ ಬಣ್ಣ ಬಳಸುತ್ತೇನೆ. ಇಟಲಿಯ ಹಳೆಯ ಚಿತ್ರಕಾರರು ಮುಖ ಬರೆಯುವಾಗ ಅಡಿಯಲ್ಲಿ ಹಸಿರು ಹಾಕಿ ಮೇಲೆ ನಸುಗೆಂಪು ಹಚ್ಚುತ್ತಿದ್ದರು. ಆಗ ಚರ್ಮಕ್ಕೆ ಜೀವ ಬರುತ್ತದೆ. ಮೇಲಿನ ಕೆಂಪನ್ನು ಹಚ್ಚದೆ ಬಿಟ್ಟರೆ ಜೀವ ಬರುವುದಿಲ್ಲ. ಬೆಳಕನ್ನು ಒಂದೇ ಕಡೆಯಿಂದ ತರುತ್ತೇನೆ. ಸೂರ್ಯ, ದೀಪ ಎಲ್ಲವೂ ಮೇಲಿನಿಂದ ಬೆಳಗುವ ಲೋಕಕ್ಕೆ ನಮ್ಮ ಕಣ್ಣು ಒಗ್ಗಿದೆ. ಮುಖಕ್ಕೆ ಬೆಳಕು ಕೆಳಗಿನಿಂದ ಬಿದ್ದಾಗ ನೆರಳುಗಳೆಲ್ಲ ತಲೆಕೆಳಗಾಗಿ, ದಿನಾ ನೋಡುವ ತಾಯಿಯ ಮುಖವೂ ಅಪರಿಚಿತವಾಗುತ್ತದೆ. ಅಂಚುಗಳನ್ನು ಅಲ್ಲಲ್ಲಿ ಕತ್ತಲಿನಲ್ಲಿ ಕರಗಿಸಬೇಕು. ಕೈ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಸಿಗಬಾರದು.

ಕಲಿಯುವವರಿಗೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳುತ್ತೇನೆ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಕಾವು ಏರಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ನೀರಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ.

ಇಂಥ ಚಿತ್ರ ಬರೆಯುವವರ ಮನಸ್ಸು ಸರಿಯಿರುತ್ತದೆಯೇ ಎಂಬ ಪ್ರಶ್ನೆ ನನಗೆ ಹೊಸದಲ್ಲ. ನನ್ನ ಅಮ್ಮನೇ ಕೇಳಿದ್ದಾರೆ. ನಾರ್ವೆಯ ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ ಚೀತ್ಕಾರದ ಚಿತ್ರದ ಮೇಲೆ, ಎಡಗಡೆಯ ಮೂಲೆಯಲ್ಲಿ, ಇದನ್ನು ಹುಚ್ಚನೇ ಬರೆದಿರಬೇಕು ಎಂಬ ಅರ್ಥದ ಸಣ್ಣ ಪೆನ್ಸಿಲ್ ಬರಹವಿದೆ. ಯಾರೋ ಕಿಡಿಗೇಡಿ ಗೀಚಿದ್ದು ಎಂದು ಬಹಳ ಕಾಲ ಅಂದುಕೊಂಡಿದ್ದರು. 2021ರಲ್ಲಿ ಓಸ್ಲೋದ ರಾಷ್ಟ್ರೀಯ ಸಂಗ್ರಹಾಲಯ ಕೈಬರಹ ಹೋಲಿಸಿ, ಅದು ಮುಂಕ್‌ನದೇ ಎಂದು ತೀರ್ಮಾನಿಸಿತು. ಜನ ಆಡಿದ ಮಾತು ಅವನಿಗೆ ಎಷ್ಟು ತಾಗಿರಬೇಕು!

ಪೋಲೆಂಡಿನ ಜ್ದಿಸ್ಲಾವ್ ಬೆಕ್ಷಿನ್ಸ್ಕಿಯನ್ನು ನೋಡಿ. 1929ರಲ್ಲಿ ಸಾನೊಕ್ ಎಂಬ ಊರಿನಲ್ಲಿ ಹುಟ್ಟಿದವನು, ಯುದ್ಧದ ನಡುವೆ ಬೆಳೆದವನು, ಓದಿದ್ದು ಕಟ್ಟಡಶಿಲ್ಪ. ಎಲುಬಿನಿಂದ ಹೆಣೆದಂತಿರುವ ದೇವಾಲಯಗಳು, ಬಟ್ಟೆ ಸುತ್ತಿದ ಮುಖವಿಲ್ಲದ ಮನುಷ್ಯರು, ಕೆಂಪು ಧೂಳಿನ ಆಕಾಶದ ಕೆಳಗೆ ಪರಸ್ಪರ ತಬ್ಬಿಕೊಂಡ ಎರಡು ಒಣ ದೇಹಗಳು. ಇವನ್ನೆಲ್ಲ ಅವನು ಹಾರ್ಡ್‌ಬೋರ್ಡಿನ ಮೇಲೆ ಎಣ್ಣೆಬಣ್ಣದಲ್ಲಿ, ಸಂಗೀತ ಹಾಕಿಕೊಂಡು, ಅತಿ ಸೂಕ್ಷ್ಮವಾಗಿ ಬರೆಯುತ್ತಿದ್ದ. ಹೆಸರಿಡುತ್ತಿರಲಿಲ್ಲ, ಅರ್ಥ ಹೇಳಲು ಒಪ್ಪುತ್ತಿರಲಿಲ್ಲ. ಬಲ್ಲವರೆಲ್ಲ ಹೇಳುವುದು ಅವನು ಸಂಕೋಚದವನಾದರೂ ಮಾತುಗಾರ, ನಗಿಸುವ ಮನುಷ್ಯ ಎಂದು. ದುರಂತ ಅವನ ಬದುಕಿಗೆ ಬಂದದ್ದು ಈ ಬಗೆಯ ಚಿತ್ರಗಳನ್ನೆಲ್ಲ ಬರೆದ ಎಷ್ಟೋ ಕಾಲದ ಮೇಲೆ. 1998ರಲ್ಲಿ ಹೆಂಡತಿ ತೀರಿಕೊಂಡಳು, 1999ರಲ್ಲಿ ಒಬ್ಬನೇ ಮಗ ಆತ್ಮಹತ್ಯೆ ಮಾಡಿಕೊಂಡ. 2005ರಲ್ಲಿ ವಾರ್ಸಾದ ತನ್ನ ಮನೆಯಲ್ಲೇ ಅವನು ಕೊಲೆಯಾದ. ಆ ಸಾವನ್ನೂ ಚಿತ್ರಗಳನ್ನೂ ಒಂದೇ ದಾರದಲ್ಲಿ ಪೋಣಿಸಿ ಶಾಪದ ಕಥೆ ಕಟ್ಟುವವರಿದ್ದಾರೆ. ಅದು ಸತ್ತವನಿಗೂ ಅವನ ಶ್ರಮಕ್ಕೂ ಮಾಡುವ ಅನ್ಯಾಯ.

ಭಯದ ಚಿತ್ರದಿಂದ ಯಾರಿಗೇನು ಉಪಯೋಗ ಎಂದು ಕೇಳುವವರಿಗೆ ನಾನು ಈಸನ್‌ಹೈಮ್‌ನ ಕಥೆ ಹೇಳುತ್ತೇನೆ. ಸುಮಾರು 1512ರಿಂದ 1516ರ ನಡುವೆ ಗ್ರೂನೆವಾಲ್ಡ್ ಎಂಬ ಜರ್ಮನ್ ಚಿತ್ರಕಾರ ಅಲ್ಲಿನ ಮಠಕ್ಕೆ ದೊಡ್ಡ ಪೀಠಚಿತ್ರವೊಂದನ್ನು ಬರೆದ. ಈಗ ಅದು ಫ್ರಾನ್ಸಿನ ಕೊಲ್ಮಾರ್‌ನಲ್ಲಿದೆ. ಆ ಮಠದ ಸನ್ಯಾಸಿಗಳು ಒಂದು ಘೋರ ರೋಗದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ರೈ ಧಾನ್ಯಕ್ಕೆ ಹತ್ತುವ ಅರ್ಗಟ್ ಎಂಬ ಬೂಷ್ಟು ರೊಟ್ಟಿಯ ಮೂಲಕ ಮೈಗೆ ಸೇರಿ ಬರುವ ರೋಗ ಅದು. ಕೈಕಾಲು ಬೆಂಕಿ ಹತ್ತಿದಂತೆ ಉರಿಯುತ್ತದೆ, ಕಪ್ಪಾಗಿ ಕೊಳೆಯುತ್ತದೆ, ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಸಂತ ಆಂಟನಿಯ ಬೆಂಕಿ ಎಂದು ಅದನ್ನು ಕರೆಯುತ್ತಿದ್ದರು. ಗ್ರೂನೆವಾಲ್ಡ್ ಬರೆದ ಶಿಲುಬೆಯ ಮೇಲಿನ ಕ್ರಿಸ್ತನ ಮೈ ಹಸಿರುಗಟ್ಟಿದೆ, ಮೈತುಂಬ ಗಾಯ, ಬೆರಳುಗಳು ನೋವಿಗೆ ಸೊಟ್ಟಗಾಗಿವೆ. ಇನ್ನೊಂದು ಫಲಕದಲ್ಲಿ ರಾಕ್ಷಸರು ಸಂತ ಆಂಟನಿಯನ್ನು ಎಳೆದಾಡುತ್ತಿದ್ದಾರೆ. ಮೂಲೆಯಲ್ಲಿ ಹೊಟ್ಟೆ ಉಬ್ಬಿ ಮೈಯೆಲ್ಲ ಹುಣ್ಣಾದ ಒಂದು ಜೀವ ಬಿದ್ದಿದೆ. ರೋಗಿಗಳು ಆ ಚಿತ್ರದ ಮುಂದೆ ಬಂದು ಪ್ರಾರ್ಥಿಸುತ್ತಿದ್ದರು. ದೇವರ ಮೈಯೂ ತಮ್ಮ ಮೈಯಂತೆಯೇ ಇದೆ ಎಂದು ಅವರು ಕಂಡರು. ಸುಂದರ ಕ್ರಿಸ್ತನನ್ನು ಬರೆದಿದ್ದರೆ ಅವರಿಗೆ ಸಿಗದಿದ್ದದ್ದು ಅದು.

ನನ್ನದೊಂದು ಚಿತ್ರವಿದೆ. ಆಸ್ಪತ್ರೆಯ ಉದ್ದ ಓಣಿ, ಕೊನೆಯಲ್ಲಿ ಒಂದು ಟ್ಯೂಬ್‌ಲೈಟು, ನಡುವೆ ಗೋಡೆಗೆ ಒತ್ತಿ ನಿಲ್ಲಿಸಿದ ಚಕ್ರದ ಮಂಚ, ಮಂಚದ ಮೇಲೆ ತಲೆಯ ಗುರುತು ಉಳಿದ ದಿಂಬು. ಅಷ್ಟೇ. ಪ್ರದರ್ಶನಕ್ಕೆ ಬಂದ ಹಲವರು ಅದರ ಮುಂದೆ ನಿಲ್ಲದೆ ಸರಿದುಹೋದರು. ವಯಸ್ಸಾದ ಒಬ್ಬ ತಾಯಿ ಮಾತ್ರ ಕುರ್ಚಿ ಕೇಳಿ ತರಿಸಿಕೊಂಡು ಅದರ ಎದುರು ಕೂತರು. ಮೈ ಹುಷಾರಿಲ್ಲವೇನೋ ಎಂದು ನಾನು ಹತ್ತಿರ ಹೋದೆ.

“ನಮ್ಮ ಯಜಮಾನ್ರು ಹೋದ ರಾತ್ರಿ ಹೀಗೇ ಇತ್ತಮ್ಮ. ಇಷ್ಟು ವರ್ಷ ಯಾರ ಹತ್ರಾನೂ ಹೇಳಕ್ಕಾಗಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

ನನಗೆ ಏನೂ ಗೊತ್ತಿರಲಿಲ್ಲ. ಅವರು ಆ ರಾತ್ರಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಭಯದ ಚಿತ್ರ ಯಾರಿಗೂ ಹೊಸ ಭಯ ತಂದುಕೊಡುವುದಿಲ್ಲ. ಒಳಗೆ ಇದ್ದು, ಹೇಳಲು ಜಾಗ ಸಿಗದೆ ಕೂತ ಭಯಕ್ಕೆ ಕೂರಲೊಂದು ಕುರ್ಚಿ ಕೊಡುತ್ತದೆ. ಖಾಲಿ ಬಿಟ್ಟ ಜಾಗದಲ್ಲಿ ನೋಡುವವರು ತಮ್ಮದನ್ನು ತಂದು ಇಡುತ್ತಾರೆ. ಅದಕ್ಕೇ ಚಿತ್ರದಲ್ಲಿ ಎಲ್ಲವನ್ನೂ ತುಂಬಬಾರದು ಎಂದು ನಾನು ಹುಡುಗರಿಗೆ ಮತ್ತೆ ಮತ್ತೆ ಹೇಳುವುದು.

ತಂದೆತಾಯಂದಿರಿಗೆ, ಶಾಲೆಯ ಮೇಷ್ಟ್ರುಗಳಿಗೆ ನನ್ನದೊಂದು ವಿನಂತಿಯಿದೆ. ಚಿತ್ರಕಲೆ ಕಲಿಯಲು ಬರುವ ಮಕ್ಕಳು ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ನನಗೆ ಗುಟ್ಟಾಗಿ ತೋರಿಸುತ್ತಾರೆ. ದೆವ್ವ, ಕೋರೆಹಲ್ಲು, ಮಂಚದ ಕೆಳಗಿನ ಕೈ. ಮುಂದಿನ ಪುಟಗಳಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ತೆಂಗಿನ ಮರ ಇರುತ್ತದೆ. ಅದು ದೊಡ್ಡವರಿಗೆಂದು ಬರೆದದ್ದು. ಕೊನೆಯ ಪುಟ ಕಂಡಾಗ ಗದರಬೇಡಿ, ಹರಿಯಬೇಡಿ, ದೃಷ್ಟಿ ತೆಗೆಸಲು ಓಡಬೇಡಿ. ಇದು ಯಾರು, ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂದು ಪಕ್ಕದಲ್ಲಿ ಕೂತು ಕೇಳಿ. ನಿಜವಾಗಿಯೂ ಯಾರೋ ಹೆದರಿಸುತ್ತಿದ್ದರೆ ಅದೂ ಆಗಲೇ ಹೊರಬೀಳುತ್ತದೆ. ಬರೀ ಕಲ್ಪನೆಯಾಗಿದ್ದರೆ ಆ ಮಗುವಿಗೆ ಇನ್ನೂ ದೊಡ್ಡ ಹಾಳೆ ತಂದುಕೊಡಿ.